ಅಭ್ಯಾಸದಲ್ಲಿ ಹುಲಿ, ಕೂಟದಲ್ಲಿ ಇಲಿ: ಓಟಗಾರ್ತಿ ಮತ್ತು ತರಬೇತುದಾರರ ಒಂದು ಪ್ರಕರಣ

(ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉತ್ತರ ಕರ್ನಾಟಕದ ಕ್ರೀಡಾ ವಸತಿ ನಿಲಯವೊಂದರ ತರಬೇತುದಾರರು 800 ಮೀಟರ್ ಓಡುವ 17 ವರ್ಷದ ಹುಡುಗಿಯನ್ನು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತಂದು, "ಅಭ್ಯಾಸದಲ್ಲಿ ಹುಲಿ, ಕೂಟದಲ್ಲಿ ಇಲಿ; ಸ್ವಲ್ಪ ಧೈರ್ಯ ತುಂಬಿ ಕೊಡಿ ಮೇಡಂ" ಎಂದು ಕೇಳಿಕೊಂಡರು. ತಮ್ಮ ಸಂಬಳದಲ್ಲೇ ಮಕ್ಕಳಿಗೆ ಸ್ಪೈಕ್ಸ್ ಕೊಡಿಸುವವರು ಅವರು. ಅವರ ಕಾಳಜಿಯ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ.

ಹುಡುಗಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡಿದಾಗ, ಕೂಟದ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಹೊಟ್ಟೆ ತೊಳಸುವುದು, ಗುಂಡಿನ ಸದ್ದಾದೊಡನೆ ಮೊದಲ 200 ಮೀಟರನ್ನು ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿ ಎರಡನೆಯ ಸುತ್ತಿನಲ್ಲಿ ಕಾಲು ಕಲ್ಲಾಗುವುದು ಒಂದೊಂದಾಗಿ ಹೊರಬಂದವು. ಆತಂಕ ಮಿತಿ ಮೀರಿದಾಗ ವೇಗದ ಅಂದಾಜು ತಪ್ಪುವುದು ಸಹಜ. ಆದರೆ ಅವಳು ಹೆದರುತ್ತಿದ್ದುದು ಓಟಕ್ಕಲ್ಲ, ಓಟ ಮುಗಿದ ಮೇಲಿನ ಗಳಿಗೆಗೆ: ಎಲ್ಲರೆದುರು ಟೈಮಿಂಗ್ ಓದಿ ಹೇಳುವುದು, ಸೋಮವಾರ ಸಾಲಾಗಿ ನಿಲ್ಲಿಸಿ ತೂಕ ನೋಡುವುದು. "ತಾಟಿನ ಮುಂದ ಕುಂತ್ರ ತೂಕದ ಬಗ್ಗೆ ಸರ್ ಅಂದದ್ದು ನೆನಪಾಗತೈತ್ರಿ ಮೇಡಂ" ಎಂದಳು. ರಾತ್ರಿಯ ಊಟ ಬಿಟ್ಟಿದ್ದಳು. ಕೆಲವು ತಿಂಗಳಿಂದ ಮುಟ್ಟೂ ನಿಂತಿತ್ತು.

ಈ ಕೊನೆಯ ಸಂಗತಿಯನ್ನೇ ನಾನು ಮೊದಲು ಕೈಗೆತ್ತಿಕೊಂಡೆ. ವ್ಯಾಯಾಮಕ್ಕೆ ತಕ್ಕಷ್ಟು ಆಹಾರ ಸಿಗದೆ ದೇಹ ಬಳಲುವ ಈ ಸ್ಥಿತಿಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ರೆಡ್-ಎಸ್ ಎಂದು ಹೆಸರಿಸಿದರು. ಮೂಳೆ ಸವೆತ, ಬಿರುಕು, ಕುಗ್ಗಿದ ಮನಸ್ಸು ಎಲ್ಲವೂ ಇದರಿಂದ ಬರಬಹುದು. ಹಸಿದ ದೇಹಕ್ಕೆ ಧೈರ್ಯದ ಮಾತು ಔಷಧವಲ್ಲ. ಅವಳ ಅನುಮತಿಯಿಂದ ತಾಯಿಗೆ ತಿಳಿಸಿ, ಸ್ತ್ರೀರೋಗ ತಜ್ಞರ ಬಳಿಗೂ ಆಹಾರ ತಜ್ಞರ ಬಳಿಗೂ ಕಳುಹಿಸಿದೆ.

ಅವಳು ಒಪ್ಪಿದಷ್ಟನ್ನು ಮಾತ್ರ ತರಬೇತುದಾರರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಗುರುಗಳು ನಮ್ಮನ್ನು ಬೆಳೆಸಿದ್ದೂ ಹೀಗೇ" ಎಂದರು. ಸಾಲಿನಲ್ಲಿ ನಿಲ್ಲಿಸಿ ತೂಕ ನೋಡುವುದನ್ನು ಪೂರ್ತಿಯಾಗಿ ನಿಲ್ಲಿಸಿ, ಅಗತ್ಯವಿದ್ದರೆ ವೈದ್ಯರೇ ನೋಡಲಿ ಎಂದು ಹೇಳಿದೆ. ಓಟ ಮುಗಿದ ಕೂಡಲೇ ವಿಮರ್ಶೆ ಬೇಡ. ನೀರು ಕೊಟ್ಟು, ಮೈ ಆರಲು ಬಿಟ್ಟು, ಮರುದಿನ ಒಬ್ಬಳನ್ನೇ ಕೂರಿಸಿಕೊಂಡು "ನಿನಗೆ ಹೇಗನ್ನಿಸಿತು" ಎಂಬಲ್ಲಿಂದ ಮಾತು ಆರಂಭಿಸಿ ಎಂದೆ. ವೈದ್ಯರು ಅನುಮತಿಸಿದ ಮೇಲೆ ಗಡಿಯಾರವಿಲ್ಲದೆ ಮೊದಲ 200 ಮೀಟರನ್ನು ಅವಳ ಅಂದಾಜಿನ ಮೇಲೆಯೇ ಓಡಿಸಬೇಕು. "ಗೆಲ್ಲಲೇಬೇಕು" ಎನ್ನುವ ಬದಲು "ಭುಜ ಸಡಿಲ" ಎಂಬಂಥ, ಅವಳು ಆ ಕ್ಷಣದಲ್ಲೇ ಮಾಡಬಹುದಾದ ಒಂದು ಕೆಲಸವನ್ನು ನೆನಪಿಸಬೇಕು. ಓಟಕ್ಕೆ ಮೊದಲು ಸ್ಪರ್ಧಿಗಳು ಕಾಯುವ ಕಾಲ್ ರೂಮಿನಲ್ಲಿ, ಒಳಗೆಳೆದುದಕ್ಕಿಂತ ನಿಧಾನವಾಗಿ ಉಸಿರು ಹೊರಬಿಡುವುದನ್ನು ಅವಳಿಗೆ ನಾನೇ ಕಲಿಸಿದೆ.

"ಒಂದು ಋತು ಬಿಟ್ಟರೆ ಹುಡುಗಿ ಮುಗಿದಂತೆಯೇ" ಎಂಬ ಭಯ ಅವರಿಗೆ ಉಳಿದಿತ್ತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ತಂಡ ಫೈನಲ್‌ನಿಂದ ನಡುವೆಯೇ ಹಿಂದೆ ಸರಿದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದುದನ್ನು ನೆನಪಿಸಿದೆ. ಪದಕದ ಭರವಸೆ ಕೊಡಲು ಅದನ್ನು ಹೇಳಲಿಲ್ಲ, ಬಿಡುವು ಪಡೆದವರಿಗೂ ದಾರಿ ಮುಚ್ಚುವುದಿಲ್ಲ ಎಂಬುದನ್ನು ಅವರು ಕಾಣಲೆಂದು ಹೇಳಿದೆ. ಮಕ್ಕಳ ಆಪ್ತಸಲಹೆಗಾರರಾಗುವ ಹೊರೆಯನ್ನು ಅವರೇ ಹೊರಬೇಕಿಲ್ಲವೆಂದು ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ನಿಲಯದ ಫಲಕದಲ್ಲಿ ಬರೆಸಲು ಸೂಚಿಸಿದೆ.

ಹುಡುಗಿ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆ, ಮುಟ್ಟು ಮರಳಿದೆ. ಟೈಮಿಂಗ್ ಇನ್ನೂ ಹಿಂದಿನ ಮಟ್ಟಕ್ಕೆ ಬಂದಿಲ್ಲ, ಅದಕ್ಕೆ ಅವಸರವೂ ಇಲ್ಲ. ಪ್ರತಿ ಕೂಟದ ಸಂಜೆ ಫೋನಿನಲ್ಲಿ ಸ್ಥಾನವನ್ನಷ್ಟೇ ಕೇಳುವ ತಂದೆಯೊಂದಿಗೆ ಮಾತು ಬಾಕಿಯಿದೆ, ಮುಂದಿನ ಭೇಟಿಗೆ ಅವರನ್ನು ಕರೆದಿದ್ದೇನೆ.