ಹೆಡ್‌ಲೈಟ್ ಹಾಕಿದಾಗ ಏರುವ ಟೆಂಪರೇಚರ್ ಮುಳ್ಳನ್ನು ಎಷ್ಟು ನಂಬಬೇಕು?

ನಿಮ್ಮ ಹಳೆಯ ಡೀಸೆಲ್ ಜೀಪು ವಿಜಯಪುರದಿಂದ ಜಮಖಂಡಿಗೆ ಹೊರಟರೆ ಅರ್ಧ ದಾರಿಯಲ್ಲೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ, ನಿಲ್ಲಿಸಿ ನೋಡಿದರೆ ನೀರು ಕುದಿದಿರುವುದಿಲ್ಲ, ರಾತ್ರಿ ಹೆಡ್‌ಲೈಟ್ ಹಾಕಿದರೆ ಮುಳ್ಳು ಇನ್ನಷ್ಟು ಏರುತ್ತದೆ, ಗ್ಯಾರೇಜಿನವರು ರೇಡಿಯೇಟರ್ ಬದಲಿಸಲು ಹೇಳಿದ್ದಾರೆ ಎಂದು ಬರೆದಿದ್ದೀರಿ. ರೇಡಿಯೇಟರಿಗೆ ಹಣ ಹಾಕುವ ಮೊದಲು ಹೆಡ್‌ಲೈಟಿನ ಸಂಗತಿಯನ್ನು ಪರೀಕ್ಷಿಸಬೇಕು. ಸ್ವಿಚ್ ಒತ್ತಿದ ಮಾತ್ರಕ್ಕೆ ಎಂಜಿನ್ನಿನೊಳಗಿನ ಅಷ್ಟು ಲೀಟರ್ ನೀರು ಬಿಸಿಯಾಗಲಾರದು. ಆ ಏರಿಕೆಗೆ ವೈರಿಂಗೇ ಕಾರಣವಾಗಿರಬೇಕು. ನಾನು ವಿಜಯಪುರದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನಾದ್ದರಿಂದ ನನಗೆ ಎಲ್ಲದರಲ್ಲೂ ಅರ್ಥಿಂಗ್ (ಕರೆಂಟು ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿ) ದೋಷವೇ ಕಾಣುತ್ತದೆ ಎಂದು ಮಿಸ್ತ್ರಿಗಳು ಚೇಷ್ಟೆ ಮಾಡುವುದುಂಟು. ಆದರೂ ಇಲ್ಲಿ ನನ್ನ ಮೊದಲ ಸಂಶಯ ಅರ್ಥಿಂಗಿನ ಮೇಲೆಯೇ.

ಆದರೆ ನೀರು ಕುದಿದಿಲ್ಲ ಎಂಬುದನ್ನೇ ಪುರಾವೆಯಾಗಿ ಹಿಡಿಯಬೇಡಿ. ಮುಚ್ಚಳ ಸರಿಯಾಗಿದ್ದರೆ ರೇಡಿಯೇಟರಿನೊಳಗೆ ಒತ್ತಡವಿರುತ್ತದೆ, ಆ ಒತ್ತಡದಲ್ಲಿ ನೀರು 105 ಡಿಗ್ರಿಗೂ ಕುದಿಯದೆ ಇರಬಲ್ಲದು. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ಅದೇ ನೀರು ಚಿಮ್ಮಿ ಮುಖ ಸುಡುತ್ತದೆ. ಆದ್ದರಿಂದ ಮುಚ್ಚಳ ತೆಗೆದು ನೋಡುವ ಪರೀಕ್ಷೆಯನ್ನು ಬಿಟ್ಟುಬಿಡಿ.

ಡ್ಯಾಶ್‌ಬೋರ್ಡಿನ ಹಿಂದಿನಿಂದ ಎಂಜಿನ್ನಿನವರೆಗೆ ತೆಳುವಾದ ಲೋಹದ ಕೊಳವೆ ಹೋಗಿದ್ದರೆ ಅದು ಯಾಂತ್ರಿಕ ಗೇಜು, ಅದಕ್ಕೂ ದೀಪಕ್ಕೂ ಸಂಬಂಧವಿಲ್ಲ. ನಿಮ್ಮದು ವೈರಿನ ಗೇಜೇ ಇರಬೇಕು. ಅದರಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟ) ಬಳಿ, ನೀರಿನ ಬಿಸಿಯನ್ನು ಗೇಜಿಗೆ ತಿಳಿಸುವ ಹಿತ್ತಾಳೆಯ ಸೆಂಡರ್ ಒಂದನ್ನು ತಿರುಪಿರುತ್ತಾರೆ. ನೀರು ಬಿಸಿಯಾದಂತೆ ಸೆಂಡರಿನ ರೋಧ ಇಳಿದು, ಹೆಚ್ಚು ಕರೆಂಟು ಹರಿದು, ಮುಳ್ಳು ಏರುತ್ತದೆ. ಕೀಲಿ ಆನ್ ಮಾಡಿ ಸೆಂಡರಿನ ವೈರನ್ನು ಕಳಚಿದರೆ ಮುಳ್ಳು ತಣ್ಣನೆಯ ತುದಿಗೆ ಬೀಳಬೇಕು. ಬೀಳದಿದ್ದರೆ ವೈರು ಎಲ್ಲೋ ಉಜ್ಜಿ ಬಾಡಿಗೆ ತಾಗುತ್ತಿದೆ, ಇಲ್ಲವೇ ಗೇಜೇ ಕೆಟ್ಟಿದೆ. ಅದೇ ವೈರನ್ನು ಒಂದು ಸಣ್ಣ 12 ವೋಲ್ಟ್ ಬಲ್ಬಿನ ಮೂಲಕ ಕ್ಷಣಮಾತ್ರ ಎಂಜಿನ್ನಿಗೆ ತಾಗಿಸಿದರೆ ಮುಳ್ಳು ಬಿಸಿಯ ಕಡೆಗೆ ಚಲಿಸಬೇಕು. ಹಿಡಿದುಕೊಂಡೇ ಇರಬೇಡಿ, ಗೇಜು ಸುಟ್ಟೀತು.

ಇಲ್ಲಿಯವರೆಗೆ ಎಲ್ಲವೂ ಸರಿಯಿದ್ದರೆ ಅರ್ಥಿಂಗ್ ನೋಡಿ. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿಗಿಟ್ಟು, ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಇನ್ನೊಂದನ್ನು ಗೇಜಿನ ಅರ್ಥ್ ವೈರು ಕೂಡುವ ಜಾಗಕ್ಕೂ ಹಿಡಿಯಿರಿ. ಅಂಕಿ ಸೊನ್ನೆಯ ಆಸುಪಾಸಿನಲ್ಲಿರಬೇಕು, 0.2 ವೋಲ್ಟಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ಎಲ್ಲೋ ಅರ್ಥ್ ಬಿಟ್ಟಿದೆ ಎಂದು ತಿಳಿಯಿರಿ. ದೀಪಗಳ ಕರೆಂಟು ಮರಳಲು ನೇರ ದಾರಿ ಸಿಗದೆ ಗೇಜು ಮತ್ತು ಸೆಂಡರಿನ ಮೂಲಕ ಹಾದಿ ಹುಡುಕುತ್ತದೆ, ಅದನ್ನು ಗೇಜು ಬಿಸಿಯೆಂದೇ ತೋರಿಸುತ್ತದೆ. ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ಅರ್ಥ್ ಪಟ್ಟಿಯ ಬೋಲ್ಟನ್ನು ಬಿಚ್ಚಿದರೆ ಅಲ್ಲಿ ಹಸಿರು ಕಿಲುಬು, ಹಳೆಯ ಗ್ರೀಸು, ಯಾರೋ ಮರುಬಣ್ಣ ಹೊಡೆದಾಗ ಕೂತ ಪೇಂಟು, ಮೂರೂ ಒಟ್ಟಿಗೆ ಸಿಗುವುದು ಹೊಸದೇನಲ್ಲ. ಸ್ಯಾಂಡ್‌ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ಗೇಜಿನ ಅರ್ಥ್ ವೈರಿಗೂ ಇದೇ ಉಪಚಾರ. ಇನ್ನೊಂದು ಸುಳುಹು ಡೀಸೆಲ್ ಗೇಜಿನಲ್ಲಿದೆ: ಎರಡೂ ಮುಳ್ಳುಗಳು ಒಟ್ಟಿಗೆ ಏರುತ್ತಿದ್ದರೆ, ಹಳೆಯ ಡ್ಯಾಶ್‌ಬೋರ್ಡುಗಳಲ್ಲಿ ಎರಡೂ ಗೇಜುಗಳಿಗೆ ವೋಲ್ಟೇಜು ಇಳಿಸಿ ಕೊಡುವ ಪುಟ್ಟ ಸ್ಟೆಬಿಲೈಜರ್ ಕೆಟ್ಟಿರಬಹುದು ಅಥವಾ ಅದರ ಅರ್ಥ್ ಬಿಟ್ಟಿರಬಹುದು.

ಇದಾದ ಮೇಲೂ ಸಂಶಯ ಉಳಿದರೆ, ಎಂಜಿನ್ ಪೂರ್ತಿ ತಣ್ಣಗಾದಾಗ ಸೆಂಡರನ್ನು ಬಿಚ್ಚಿ, ತೂತಿಗೆ ಬಿರಡೆ ಹಾಕಿ, ಸೆಂಡರಿನ ಹಿತ್ತಾಳೆಯ ಮೈಯನ್ನು ಒಂದು ವೈರಿನಿಂದ ಎಂಜಿನ್ನಿಗೆ ಜೋಡಿಸಿ, ಅದರ ತುದಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಇಳಿಬಿಡಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಕೀಲಿ ಆನ್ ಮಾಡಿ ಮುಳ್ಳು ನಿಂತ ಜಾಗವನ್ನು ಗಾಜಿನ ಮೇಲೆ ಗುರುತು ಮಾಡಿಕೊಂಡರೆ ನಿಮ್ಮ ಗೇಜಿನ 98 ಯಾವುದೆಂದು ತಿಳಿಯುತ್ತದೆ. ಆ ಮುಳ್ಳು ಆಗಲೇ ಕೆಂಪಿನೊಳಗೆ ನುಗ್ಗಿದರೆ ಸೆಂಡರ್ ನಿಮ್ಮ ಗೇಜಿನ ಜೋಡಿಯದಲ್ಲ. ಬಜಾರಿನಲ್ಲಿ ಅದೇ ತಿರುಪಿನ ಬೇರೆ ಸೆಂಡರುಗಳು ಧಾರಾಳವಾಗಿ ಸಿಗುತ್ತವೆ. ಮರಳಿ ಹಾಕುವಾಗ ತಿರುಪಿಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಒಂದೇ ವೈರಿನ ಸೆಂಡರಿಗೆ ಆ ತಿರುಪೇ ಅರ್ಥ್. ಟೇಪು ಅದನ್ನು ತಡೆದರೆ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಕಡಿಮೆ ತೋರಿಸುವ ಮುಳ್ಳಿಗೇ ನಾನು ಹೆಚ್ಚು ಹೆದರುತ್ತೇನೆ. ನೀರು ಸೋರಿ ಸೆಂಡರಿನ ತುದಿ ಗಾಳಿಯಲ್ಲಿ ಉಳಿದರೆ, ಎಂಜಿನ್ನಿನ ಹೆಡ್ಡು ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ನಮ್ಮ ಕಡೆ ಅನೇಕರು ರೇಡಿಯೇಟರಿಗೆ ಬೋರಿನ ಸವಳು ನೀರನ್ನೇ ತುಂಬುತ್ತಾರೆ. ಅದರ ಸುಣ್ಣ ಸೆಂಡರಿನ ತುದಿಗೆ ಪದರವಾಗಿ ಕಟ್ಟಿಕೊಂಡರೆ ಬಿಸಿ ಅದಕ್ಕೆ ತಡವಾಗಿ ಮುಟ್ಟುತ್ತದೆ. ಬಿಚ್ಚಿದಾಗ ಆ ಬಿಳಿ ಪದರವನ್ನೂ ನೋಡಿ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟ್ ಹಾಕುವುದೇ ಸರಿ.

ಕೊನೆಗೆ ನಿಜವಾದ ಬಿಸಿಯನ್ನು ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಕವಚದ ಮೇಲೆ ಹಿಡಿಯಿರಿ. ಹೊಳೆಯುವ ಲೋಹ ಕಡಿಮೆ ಅಂಕಿ ಕೊಡುತ್ತದೆಯಾದ್ದರಿಂದ ಅಲ್ಲಿ ಮೊದಲೇ ಹೊಳಪಿಲ್ಲದ ಕಪ್ಪು ಬಣ್ಣದ ಒಂದು ಬೊಟ್ಟು ಇಟ್ಟಿರಿ. ಮುಳ್ಳು ಕೆಂಪಿನಲ್ಲಿದ್ದಾಗ ಆ ಬೊಟ್ಟು 85ರ ಆಸುಪಾಸು ತೋರಿಸಿದರೆ ರೇಡಿಯೇಟರಿಗೆ ಕೈ ಹಚ್ಚಲು ಬಿಡಬೇಡಿ. ಅದೂ 100 ದಾಟಿದರೆ ಗ್ಯಾರೇಜಿನವರ ಮಾತಿನಲ್ಲಿ ಹುರುಳಿದೆ. ಆಗಲೂ ಫ್ಯಾನ್ ಬೆಲ್ಟು, ಮುಚ್ಚಳ ಮತ್ತು ಥರ್ಮೋಸ್ಟಾಟುಗಳನ್ನು ನೋಡಿಸಿದ ಮೇಲೆಯೇ ರೇಡಿಯೇಟರನ್ನು ಕಳಚಲು ಹೇಳಿ.