ಸಿಂಧನೂರಿನಿಂದ ಕಾಲ್ಗೂರ್ಲಿಗೆ ಹೊರಟ ತಂಗಿಗೆ

ತಂಗೀ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಸಿಂಧನೂರಿನ ಹುಡುಗಿ, ಮೆಟಲರ್ಜಿ (ಲೋಹಶಾಸ್ತ್ರ) ಓದಿದ್ದೀಯ, ಈಗ ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ ಚಿನ್ನದ ಪ್ಲಾಂಟ್ ಒಂದರಲ್ಲಿ ಕೆಲಸ ಸಿಕ್ಕಿದೆ. ತುಂಬಾ ಖುಷಿ ಆಯ್ತು. ಊಟ, ಮನೆ, ಬಿಸಿಲು ಎಲ್ಲಾ ಕೇಳಿದ್ದೀಯ. ಕೊನೆಗೆ ಹೀಗೆ ಬರೆದಿದ್ದೀಯ: "ಅಕ್ಕಾ, ಅಲ್ಲಿಯವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತೆ. ಒಂದು ವರ್ಷ ಬಾಯಿ ಮುಚ್ಚಿಕೊಂಡು ಕಲಿತು, ಅವರ ಹಾಗೇ ಆದ ಮೇಲೆ ಮಾತಾಡೋಣ ಅಂದುಕೊಂಡಿದ್ದೀನಿ. ಸರಿ ಅಲ್ವಾ?"

ಕಲಿಯೋದು ಸರಿ. ಬಾಯಿ ಮುಚ್ಚಿಕೊಳ್ಳೋದು ಸರಿಯಲ್ಲ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಉಳಿದದ್ದನ್ನು ಮೊದಲು ಬೇಗ ಮುಗಿಸುತ್ತೇನೆ.

ಬಿಸಿಲಿಗೆ ಹೆದರಬೇಡ, ರಾಯಚೂರು ಕಂಡವಳು ನೀನು. ಆದರೆ ನಾನಿರುವ ಈ ಆಸ್ಟ್ರೇಲಿಯಾದಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಜುಲೈ ರಾತ್ರಿ ಚೆನ್ನಾಗಿ ಚಳಿ, ಒಳ್ಳೆ ಜಾಕೆಟ್ ತಾ. ಕಾಲ್ಗೂರ್ಲಿಯಿಂದ ಪರ್ತ್‌ಗೆ ಸುಮಾರು 600 ಕಿ.ಮೀ., ರೈಲಿದೆ. ಜೋಳದ ಹಿಟ್ಟು ಪರ್ತ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಈ ದೇಶದಲ್ಲೇ ಜೋಳ ಬೆಳೆಯುತ್ತಾರೆ, ಹೆಚ್ಚಿನದು ಕ್ವೀನ್ಸ್‌ಲ್ಯಾಂಡ್ ಕಡೆ. ಆದರೆ ಹೆಚ್ಚಾಗಿ ದನ, ಕೋಳಿಗಳ ಮೇವಿಗೆ ಮತ್ತು ರಫ್ತಿಗೆ ಹೋಗುತ್ತದೆ. ಗುರೆಳ್ಳು ಪುಡಿ, ಶೇಂಗಾ ಚಟ್ನಿಪುಡಿ ತರುವುದಾದರೆ ವಿಮಾನದಲ್ಲಿ ಕೊಡುವ ಫಾರ್ಮ್‌ನಲ್ಲಿ ಮರೆಯದೆ ಬರೆ. ಬರೆದು ತೋರಿಸಿದರೆ ನೋಡಿ ಬಿಡುತ್ತಾರೆ, ಇಲ್ಲವೇ ಅಲ್ಲೇ ತೆಗೆದುಕೊಳ್ಳುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ದಂಡ.

ಈಗ ಕೆಲಸದ ಮಾತು.

ನಾನು ಸಂಡೂರಿನವಳು. ಇಲ್ಲಿಗೆ ಬರುವ ಮೊದಲು ತೋರಣಗಲ್ಲಿನ ಕಡೆ ಕಬ್ಬಿಣದ ಅದಿರಿನ ಪ್ಲಾಂಟ್‌ನಲ್ಲಿದ್ದೆ. ನಮ್ಮ ಕಡೆ ಮಳೆಗಾಲದಲ್ಲಿ ಪುಡಿ ಅದಿರು ಹೇಗಾಗುತ್ತದೆ ಅಂತ ನಿನಗೂ ಗೊತ್ತಿರಬೇಕು. ಕೆಸರಿನ ಹಾಗೆ ಅಂಟಿ ಚ್ಯೂಟ್, ಅಂದರೆ ಅದಿರು ಜಾರಿ ಬೀಳುವ ದಾರಿ, ಜಾಮ್ ಆಗುತ್ತದೆ. ಅದಕ್ಕೇ ಮಳೆ ಶುರುವಾಗುವ ಮೊದಲು ಒಣ ಅದಿರನ್ನು ಒಂದು ಕಡೆ ಮುಚ್ಚಿ ಇಡುತ್ತಿದ್ದೆವು. ಹಸಿ ಅದಿರಿಗೆ ಅದನ್ನು ಬೆರೆಸಿ ಬೆಲ್ಟಿಗೆ ಹಾಕಿದರೆ ಕೆಲಸ ನಡೆಯುತ್ತಿತ್ತು. ಇದನ್ನು ಯಾರೂ ದೊಡ್ಡ ವಿದ್ಯೆ ಅಂದುಕೊಂಡಿರಲಿಲ್ಲ.

ಕಾಲ್ಗೂರ್ಲಿ ಕಡೆ ವರ್ಷಕ್ಕೆ ಬೀಳುವುದೇ 250 ಮಿ.ಮೀ. ಆಸುಪಾಸು ಮಳೆ. ನಾನು ಮೊದಲು ಸೇರಿದ ಪ್ಲಾಂಟ್‌ನಲ್ಲಿ ಎಲ್ಲಾ ಏರ್ಪಾಡೂ ಒಣ ಅದಿರಿಗೇ. ಒಂದು ಸಲ ಜೋರು ಮಳೆ ಬಂತು. ಮಣ್ಣು ಜಾಸ್ತಿ ಇದ್ದ ಅದಿರು ಕ್ರಷರ್ ಕೆಳಗಿನ ಚ್ಯೂಟ್‌ನಲ್ಲಿ ಕಚ್ಚಿಕೊಂಡಿತು. ಬಿಡಿಸುವುದು, ಮತ್ತೆ ಕಚ್ಚುವುದು, ಇದೇ ಆಯಿತು. ಮರುದಿನ ಬೆಳಗಿನ ಮೀಟಿಂಗ್‌ನಲ್ಲಿ "ಒಣ ಅದಿರು ಬೇರೆ ಇಟ್ಟಿಲ್ವಾ?" ಅಂತ ಕೇಳಿದೆ. ಸಲಹೆ ಕೊಡಬೇಕು ಅಂತ ಕೇಳಿದ್ದಲ್ಲ. ಇಟ್ಟಿರುತ್ತಾರೆ ಅಂತಲೇ ನಂಬಿದ್ದೆ. ಯಾರೂ ಇಟ್ಟಿರಲಿಲ್ಲ. ಅವರಿಗೆ ಬುದ್ಧಿ ಕಮ್ಮಿ ಅಂತಲ್ಲ, ಆ ನೆಲಕ್ಕೆ ಅದರ ಅಗತ್ಯವೇ ಅಪರೂಪ. ಲೋಡರ್ ಓಡಿಸುವ ಹಳೆಯ ಆಪರೇಟರ್ ಒಬ್ಬರು ನನ್ನನ್ನು ಯಾರ್ಡ್‌ಗೆ ಕರೆದುಕೊಂಡು ಹೋಗಿ ಮಾತಾಡಿದರು. ಗುಡ್ಡೆ ಎಲ್ಲಿ ಹಾಕಿದರೆ ಲೋಡರ್‌ಗೆ ತಿರುಗಲು ಜಾಗ ಇರುತ್ತದೆ, ನೀರು ಯಾವ ಕಡೆ ಹರಿಯುತ್ತದೆ ಅಂತ ಅವರಿಗೇ ಗೊತ್ತಿದ್ದದ್ದು. ನನ್ನ ಪ್ರಶ್ನೆ ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅವರ ಅನುಭವ ಒಂದೇ ಇದ್ದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಮ್ಮ ಚಿನ್ನದ ಕೆಲಸದಲ್ಲೇ ಇದಕ್ಕೆ ದೊಡ್ಡ ಸಾಕ್ಷಿಗಳಿವೆ. ನೀನು ದಿನಾ ನೋಡಲಿರುವ ಸೈನೈಡ್ ವಿಧಾನವನ್ನೇ ತೆಗೆದುಕೋ. ಅದಕ್ಕೆ ಮೊದಲು ಅದಿರು ಕುಟ್ಟಿ ಪಾದರಸಕ್ಕೆ ಹಿಡಿಸುತ್ತಿದ್ದರು. ಗಂಧಕ ಕೂಡಿದ ಅದಿರಿನಲ್ಲಿ ಎಷ್ಟೋ ಚಿನ್ನ ಸಿಗದೆ ತ್ಯಾಜ್ಯದ ಜೊತೆ ಹೊರಗೆ ಹೋಗುತ್ತಿತ್ತು. 1887ರಲ್ಲಿ ಸೈನೈಡ್ ದ್ರಾವಣದಿಂದ ಚಿನ್ನ ಕರಗಿಸಿ ತೆಗೆಯುವ ದಾರಿಗೆ ಪೇಟೆಂಟ್ ಪಡೆದವರು ಯಾರು? ಸ್ಕಾಟ್ಲೆಂಡಿನ ಗ್ಲಾಸ್ಗೋದ ರಸಾಯನ ತಜ್ಞ ಜಾನ್ ಮ್ಯಾಕಾರ್ಥರ್, ಜೊತೆಗೆ ರಾಬರ್ಟ್ ಮತ್ತು ವಿಲಿಯಂ ಫಾರೆಸ್ಟ್ ಅನ್ನುವ ಅಣ್ಣತಮ್ಮಂದಿರು. ಆ ಇಬ್ಬರೂ ರೋಗಿಗಳನ್ನು ನೋಡುವ ಡಾಕ್ಟರುಗಳು! ಕೆಜಿಎಫ್‌ನಲ್ಲಿ ಇವತ್ತಿಗೂ ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡೆಗಳಿಗೆ ಸೈನೈಡ್ ದಿಬ್ಬ ಅನ್ನುತ್ತಾರಲ್ಲ, ಅದರ ಮೂಲ ಅಲ್ಲಿದೆ.

ಇನ್ನೊಂದು ಇತ್ತೀಚಿನದು. 2000ದಲ್ಲಿ ಗೋಲ್ಡ್‌ಕಾರ್ಪ್ ಕಂಪನಿಯ ಮುಖ್ಯಸ್ಥ ರಾಬ್ ಮೆಕ್‌ಯೂವನ್ ಕೆನಡಾದ ರೆಡ್ ಲೇಕ್ ಗಣಿಯ ಭೂವಿಜ್ಞಾನದ ಮಾಹಿತಿಯನ್ನೆಲ್ಲಾ ಇಂಟರ್ನೆಟ್‌ನಲ್ಲಿ ತೆರೆದಿಟ್ಟರು. ಎಲ್ಲಿ ಅಗೆಯಬೇಕು ಹೇಳಿ, ಒಟ್ಟು 5,75,000 ಡಾಲರ್ ಬಹುಮಾನ ಅಂದರು. ಗಣಿಯವರು ಇಂಥ ಮಾಹಿತಿಯನ್ನು ಪ್ರಾಣದ ಹಾಗೆ ಬಚ್ಚಿಡುತ್ತಾರೆ ಅಂತ ನಿನಗೆ ಗೊತ್ತು. ಮೆಕ್‌ಯೂವನ್ ಕೂಡ ಗಣಿಯಲ್ಲಿ ಬೆಳೆದವರಲ್ಲ, ಹಣಕಾಸಿನ ಕಡೆಯಿಂದ ಬಂದವರು. ಲಿನಕ್ಸ್ ಸಾಫ್ಟ್‌ವೇರ್ ಅನ್ನು ಎಲ್ಲರೂ ಸೇರಿ ಕಟ್ಟಿದ ಬಗೆ ಕೇಳಿ ಅವರಿಗೆ ಇದು ಹೊಳೆಯಿತು. ಸುಮಾರು 50 ದೇಶಗಳ ಜನ ಕೈಹಾಕಿದರು. ಅವರು ತೋರಿಸಿದ 110 ಜಾಗಗಳಲ್ಲಿ ಅರ್ಧದಷ್ಟು ಕಂಪನಿಯವರೇ ಗುರುತಿಸಿರದ ಜಾಗಗಳು. ಮೊದಲ ಬಹುಮಾನ ಹೋದದ್ದು ಆಸ್ಟ್ರೇಲಿಯಾದ ಎರಡು ಸಂಸ್ಥೆಗಳ ಜಂಟಿ ತಂಡಕ್ಕೆ. ಅದರಲ್ಲಿ ಒಂದು ನಮ್ಮ ಪರ್ತ್‌ನದೇ. ಆ ಗಣಿಯನ್ನು ಕಣ್ಣಾರೆ ನೋಡದೆ, ಕಂಪ್ಯೂಟರಿನಲ್ಲಿ ಅದರ ಮೂರು ಆಯಾಮದ ಮಾದರಿ ಕಟ್ಟಿ ಗೆದ್ದರು. ಆದರೆ ಆ ಮಾಹಿತಿ ಕೂಡಿಸಿದವರು ರೆಡ್ ಲೇಕ್‌ನ ಜನ. ಕೊರೆದು ಚಿನ್ನ ಇದೆಯೋ ಇಲ್ಲವೋ ನೋಡಿದವರೂ ಅವರೇ.

ಹೊರಗಿನವರ ಕಣ್ಣಿಗೆ ಎಲ್ಲಾ ಕಾಣುತ್ತದೆ ಅಂತ ಮಾತ್ರ ತಿಳಿಯಬೇಡ. ಇದು ಸಿಂಧನೂರಿನವಳಾದ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ತುಂಗಭದ್ರಾ ಡ್ಯಾಮ್ ನೀರು ಎಡದಂಡೆ ಕಾಲುವೆಗೆ ಬಂದಾಗ ನಮ್ಮವರು ಜೋಳ, ಹತ್ತಿ, ಕಡಲೆ ಬೆಳೆಯುತ್ತಿದ್ದ ಎರೆ ಹೊಲ ಅದು. ಆಂಧ್ರದ ಕರಾವಳಿ ಕಡೆಯಿಂದ ಬಂದ ರೈತರು ಅದೇ ಹೊಲದಲ್ಲಿ ಭತ್ತದ ಗದ್ದೆ ಕಂಡರು. ಅವರು ನೆಲೆಸಿದ ಕ್ಯಾಂಪ್‌ಗಳು ಎದ್ದವು. ನೆಲ ಸಮ ಮಾಡಿದರು, ಭತ್ತ ಬೆಳೆದರು, ಅಕ್ಕಿ ಗಿರಣಿ ಬಂದವು. ಸಿಂಧನೂರು, ಗಂಗಾವತಿ ಇವತ್ತು ಅಕ್ಕಿಗೆ ಹೆಸರಾಗಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಅದನ್ನು ಒಪ್ಪಲೇಬೇಕು. ಆದರೆ ಆ ಕಾಲುವೆಯನ್ನು ಮಾಡಿದ್ದು ಬಹುಪಾಲು ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆಗೆ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದ ಹಾಗೆ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರಿಗೆ ನೀರು ತಲುಪದ ಗೋಳು ಶುರುವಾಯಿತು. ಎಷ್ಟೋ ಹೊಲ ಉಪ್ಪೇರಿ, ನೀರು ನಿಂತು ಸವಳು ಜವಳಾದವು. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುವ ಬಗೆ ಊರಿನ ಹಳೆಯ ರೈತರಿಗೆ ಗೊತ್ತಿತ್ತು. ಅವರನ್ನು ಕೂರಿಸಿಕೊಂಡು ಕೇಳಿದ್ದರೆ ಎಷ್ಟೋ ಹೊಲ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಹೊಸ ಬೆಳೆ ತಂದವರ ಮೇಲೆ ಸಿಟ್ಟಿಲ್ಲ. ಕೇಳುವ ಏರ್ಪಾಡೇ ಇರಲಿಲ್ಲವಲ್ಲ ಅನ್ನುವುದು ಬೇಸರ.

ಅದಕ್ಕೇ ಹೇಳುತ್ತೇನೆ, ಮಾತಾಡು, ಆದರೆ ಪ್ರಶ್ನೆಯಾಗಿ ಮಾತಾಡು. "ಇದು ತಪ್ಪು" ಅನ್ನಬೇಡ. "ಇದನ್ನು ಹೀಗೆ ಮಾಡುವುದು ಯಾಕೆ?" ಅನ್ನು. ಮೊದಲು ಮ್ಯಾನೇಜರ್ ಹತ್ತಿರ ಹೋಗಬೇಡ. ಊಟ, ವಿಶ್ರಾಂತಿಯ ಕ್ರಿಬ್ ರೂಮ್‌ನಲ್ಲಿ ಚಹಾ ಕುಡಿಯುವಾಗ ಆಪರೇಟರ್, ಫಿಟ್ಟರ್‌ಗಳನ್ನು ಕೇಳು. ರಾತ್ರಿ ಪಾಳಿಯವರನ್ನಂತೂ ಕೇಳಲೇಬೇಕು, ಆ ಹೊತ್ತಿನಲ್ಲಿ ಪ್ಲಾಂಟ್ ಹೇಗೆ ನಡೆಯುತ್ತದೆ ಅಂತ ಅವರಿಗೇ ಗೊತ್ತು. ಎಷ್ಟೋ ಸಲ ಒಳ್ಳೆಯ ಕಾರಣ ಇರುತ್ತದೆ. ಯಂತ್ರ ನಿಲ್ಲಿಸಿ ರಿಪೇರಿಗೆ ಹೋಗುವಾಗ ಪ್ರತಿಯೊಬ್ಬರೂ ತಮ್ಮದೇ ಬೀಗ, ತಮ್ಮ ಹೆಸರಿನ ಟ್ಯಾಗ್ ಹಾಕಬೇಕು ಇಲ್ಲಿ. ಊರಿಂದ ಬಂದವರಿಗೆ ಸುಮ್ನೆ ಹೊತ್ತು ಹೋಗುತ್ತಿದೆ ಅನ್ನಿಸಬಹುದು. ಒಬ್ಬರು ಒಳಗಿರುವಾಗ ಇನ್ನೊಬ್ಬರು ಸ್ವಿಚ್ ಹಾಕಿದರೆ ಜೀವವೇ ಹೋಗುತ್ತದೆ. ಸುರಕ್ಷತೆಯ ನಿಯಮದ ಕಾರಣ ಕೇಳು, ಆದರೆ ಕೇಳುವಾಗಲೂ ಅದನ್ನು ಪಾಲಿಸುತ್ತಲೇ ಇರು.

ಇನ್ನು ಕೆಲವು ಸಲ "ಮೊದಲಿಂದ ಹೀಗೇ ಮಾಡ್ತಾ ಬಂದಿದ್ದೀವಿ" ಅನ್ನುವುದು ಬಿಟ್ಟರೆ ಬೇರೆ ಉತ್ತರ ಬರುವುದಿಲ್ಲ. ಅಂಥದ್ದನ್ನು ಬರೆದಿಟ್ಟುಕೋ, ಕನ್ನಡದಲ್ಲೇ ಬರೆ, ಬೇಗ ಆಗುತ್ತದೆ. ಎಷ್ಟು ಹೊತ್ತು ಪ್ಲಾಂಟ್ ನಿಲ್ಲುತ್ತದೆ, ಎಷ್ಟು ಟನ್ ತಪ್ಪುತ್ತದೆ ಅಂತ ಪಕ್ಕದಲ್ಲಿ ಲೆಕ್ಕ ಹಾಕು. ನಿನ್ನ ಉಚ್ಚಾರಣೆ ಕೇಳಿ ಮುಖ ತಿರುಗಿಸುವವರೂ ಸಿಗುತ್ತಾರೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ನೋವಾಗುತ್ತದೆ. ಆದರೆ ಲೆಕ್ಕ ಎದುರಿಗಿಟ್ಟರೆ ಅವರೂ ಕೂತು ನೋಡುತ್ತಾರೆ. ಬಳ್ಳಾರಿಯ ಕಡೆ ನಾವು ಸಾಹೇಬರು ಮಾತು ಮುಗಿಸುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದೆವು, ಅದು ಮರ್ಯಾದೆ ಆಗಿತ್ತು. ಇಲ್ಲಿ ಮೀಟಿಂಗ್‌ನಲ್ಲಿ ಸುಮ್ಮನಿದ್ದರೆ ಇವಳಿಗೆ ಹೇಳುವುದೇನೂ ಇಲ್ಲ ಅಂದುಕೊಳ್ಳುತ್ತಾರೆ.

ಒಂದು ವರ್ಷ ಕಾಯುವುದು ಯಾಕೆ ಬೇಡ ಅಂದರೆ, ಅಷ್ಟರಲ್ಲಿ ಎಲ್ಲಾ ಅಭ್ಯಾಸ ಆಗಿಬಿಡುತ್ತದೆ. ಈಗ ನಿನಗೆ ವಿಚಿತ್ರ ಅನ್ನಿಸುವುದು ಆಮೇಲೆ ಕಣ್ಣಿಗೇ ಬೀಳುವುದಿಲ್ಲ. ಕಂಪನಿಗಳು ದೂರದ ದೇಶಗಳಿಂದ ಜನರನ್ನು ಕರೆಸುತ್ತವೆ, ಆಮೇಲೆ ತರಬೇತಿ ಕೊಟ್ಟು ಎಲ್ಲರನ್ನೂ ಒಂದೇ ಥರ ಮಾಡುತ್ತವೆ. ನನ್ನ ಪ್ರಕಾರ ಇದು ದೊಡ್ಡ ನಷ್ಟ.

ಮೊದಲ ತಿಂಗಳು ಮುಗಿದ ಮೇಲೆ ಆ ಪಟ್ಟಿಯನ್ನು ನನಗೂ ಕಳಿಸು. ನಾನೂ ಇನ್ನೂ ಚಿನ್ನದ ಪ್ಲಾಂಟ್‌ನಲ್ಲೇ ಇದ್ದೇನೆ, ನನಗೆ ಎಲ್ಲಾ ರೂಢಿ ಆಗಿ ಎಷ್ಟೋ ಕಾಲ ಆಯ್ತು. ನಿನಗೆ ಯಾವುದು ವಿಚಿತ್ರ ಅನ್ನಿಸಿತೋ ಅದನ್ನು ನಮ್ಮ ಪ್ಲಾಂಟ್‌ನಲ್ಲೂ ಹೋಗಿ ನೋಡುತ್ತೇನೆ.