ಪ್ರಶ್ನೆ: ಶೀಟ್ ಮನೆ ಮಧ್ಯಾಹ್ನ ಕಾದು ಒಲೆ ಆಗುತ್ತೆ, ಫ್ಯಾನ್ ಹಾಕಿದ್ರೂ ಬಿಸಿ ಗಾಳಿನೇ. ಬಾಡಿಗೆ ಮನೆ, ಒಂದೇ ಬಾಗಿಲು, ಕಿಟಕಿ ಇಲ್ಲ, ಏನ್ ಮಾಡ್ಲಿ?

ತಪ್ಪು ಫ್ಯಾನ್‌ದಲ್ಲ. ಕಾದ ಗಾಳಿ ಶೀಟ್ ಕೆಳಗೇ ಸಿಕ್ಕಾಕೊಂಡಿರುತ್ತೆ, ಫ್ಯಾನ್ ಅದನ್ನೇ ನಿಮ್ ತಲೆ ಮೇಲೆ ತಳ್ಳುತ್ತೆ. ಒಂದೇ ಬಾಗಿಲು, ಕಿಟಕಿ ಇಲ್ಲ ಅಂದ್ರಲ್ಲ, ಅದೇ ಸಮಸ್ಯೆ ಇರ್ಬೇಕು.

ಮೊದ್ಲು ಓನರ್‌ನ ಕೇಳಿ ಬಾಗಿಲಿನ ಎದುರು ಗೋಡೆಲಿ, ಆದಷ್ಟು ಮೇಲೆ, ಎರಡು ಇಟ್ಟಿಗೆ ತೆಗೆಸಿ ಸೊಳ್ಳೆ ಮೆಶ್ ಬಡೀರಿ. ಅಲ್ಲಿ ಪಕ್ಕದ ಮನೆ ಅಂಟ್ಕೊಂಡಿದ್ರೆ ಬಾಗಿಲ ಮೇಲೇ ಮಾಡ್ಸಿ, ಬಿಸಿ ಗಾಳಿನ ಅಷ್ಟು ಚೆನ್ನಾಗಿ ಹೊರಗೆ ಎಳೆಯಲ್ಲ ಆದ್ರೂ ಏನೂ ಇಲ್ದೆ ಇರೋದಕ್ಕಿಂತ ವಾಸಿ.

ಆಮೇಲೆ ಶೀಟ್ ಮೇಲೆ ಬಿಳಿ ಬಣ್ಣ. ನಿಮ್ದು ಸಿಮೆಂಟ್ ಶೀಟಾ ಜಿಂಕ್ ಶೀಟಾ ಬರೆದಿಲ್ಲ. ಸಿಮೆಂಟ್ ಆದ್ರೆ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಕೋಟ್ ಸಾಕು, ಮಳೆಗೆ ತೊಳ್ಕೊಂಡು ಹೋಗುತ್ತೆ, ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಮತ್ತೆ ಹೊಡೀಬೇಕು. ಜಿಂಕ್‌ಗೆ ಸುಣ್ಣ ನಿಲ್ಲಲ್ಲ, ಶೀಟೂ ಹಾಳಾಗುತ್ತೆ, ಅದಕ್ಕೆ ಪ್ರೈಮರ್ ಹಾಕಿ ಬಿಳಿ ಪೇಂಟೇ ಹೊಡೀರಿ. ಸಿಮೆಂಟ್ ಶೀಟಲ್ಲಿ, ಹಳೇದಾಗ್ಲಿ ಹೊಸದಾಗ್ಲಿ, ಸಾಮಾನ್ಯವಾಗಿ ಆಸ್ಬೆಸ್ಟಾಸ್ (ನಾರಿನಂಥ ಒಂದು ಖನಿಜ) ಇರುತ್ತೆ, ಒಣಗಿದ್ದಾಗ ಉಜ್ಜೋದು, ಡ್ರಿಲ್ ಮಾಡೋದು ಬೇಡ್ವೇ ಬೇಡ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೇರ ಕಾಲಿಟ್ರೆ ಮುರಿಯುತ್ತೆ, ಹಲಗೆ ಹಾಕ್ಕೊಂಡು ಹತ್ತಿ.

ಇನ್ನೂ ಸೆಕೆ ಇದ್ರೆ ಬಿದಿರು ಸಾಮಾನು ಮಾರೋ ಅಂಗಡಿಯಿಂದ ಬಿದಿರು ಚಾಪೆ ತಂದು ಶೀಟಿಂದ ಅರ್ಧ ಅಡಿ ಕೆಳಗೆ ಕಟ್ಟಿ, ಎರಡೂ ತುದಿ ಗಾಳಿಗೆ ಬಿಟ್ಟಿರಿ, ಮುಚ್ಚಿದ್ರೆ ಪ್ರಯೋಜನ ಇಲ್ಲ. ಒಲೆ ಮೇಲಿನ ಜಾಗ ಮಾತ್ರ ಖಾಲಿ ಬಿಡಿ. ಥರ್ಮಾಕೋಲ್ ಬೇಡ, ಬೆಂಕಿ ತಗುಲಿದ್ರೆ ಕಷ್ಟ. ಚಾಪೆ ಆದ್ರೆ ಮನೆ ಬಿಡುವಾಗ ಬಿಚ್ಕೊಂಡೂ ಹೋಗ್ಬಹುದು.